ಇಟ್ಟಿಗೆಯ ಲೆಕ್ಕ ಸಾಕು: ಬೇ ಏರಿಯಾದ ಕನ್ನಡ ಕ್ರೈಸ್ತರಿಗೆ ಒಂದು ಕೈಪಿಡಿ

ಬೈಬಲಿನ ವಿಮೋಚನಕಾಂಡದ ಐದನೆಯ ಅಧ್ಯಾಯದಲ್ಲಿ ಒಂದು ಸರ್ಕಾರಿ ಆಜ್ಞೆ ಇದೆ. ಐಗುಪ್ತದಲ್ಲಿ ಜೀತಕ್ಕಿದ್ದ ಇಸ್ರಾಯೇಲರು, ಅರಣ್ಯಕ್ಕೆ ಹೋಗಿ ನಮ್ಮ ದೇವರ ಹಬ್ಬ ಮಾಡಿ ಬರುತ್ತೇವೆ, ಬಿಡುವು ಕೊಡಿ ಎಂದು ಕೇಳಿದ್ದೇ ತಪ್ಪಾಯಿತು. ಫರೋಹ ಕೆರಳಿದ. ಇಟ್ಟಿಗೆಯ ಮಣ್ಣಿಗೆ ಬೆರೆಸುವ ಒಣಹುಲ್ಲನ್ನು ಇನ್ನು ಮುಂದೆ ಕೊಡಬೇಡಿ, ಅವರೇ ಆಯ್ದು ತಂದುಕೊಳ್ಳಲಿ, ಆದರೆ ದಿನದ ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಕೂಡದು ಎಂದ. ಲೆಕ್ಕ ತಪ್ಪಿದಾಗ ಏಟು ಬಿದ್ದದ್ದು ಇಸ್ರಾಯೇಲರದೇ ಮೇಸ್ತ್ರಿಗಳ ಬೆನ್ನಿಗೆ.

ಸನಿವೇಲ್, ಸ್ಯಾಂಟ ಕ್ಲಾರ, ಫ್ರೀಮಾಂಟ್ ಕಡೆಯ ಆಫೀಸುಗಳಲ್ಲಿ ದುಡಿಯುವವರಿಗೆ ಈ ಆಜ್ಞೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನು ಮನೆಗೆ ಕಳಿಸಿತು. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಮಂದಿಯನ್ನು ತೆಗೆಯಿತು. ಹೋದವರ ಕಷ್ಟ ಒಂದು ಬಗೆಯದು. ಉಳಿದವರದು ಇನ್ನೊಂದು ಬಗೆ: ಎಷ್ಟೋ ಟೀಮುಗಳಲ್ಲಿ ಕೈಗಳು ಕಡಿಮೆಯಾದವು, ವರ್ಷದ ಗುರಿಪಟ್ಟಿ ಹಾಗೇ ಗೋಡೆಯ ಮೇಲೆ ಉಳಿಯಿತು. ಹುಲ್ಲು ಹೋಯಿತು, ಲೆಕ್ಕ ಹೋಗಲಿಲ್ಲ.

ಕಂಪನಿಗಳ ಫರೋಹರ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಇಲ್ಲಿ ಬೇಕಾಗಿರುವುದು ನಮ್ಮ ಎದೆಯೊಳಗೇ ಕೂತು ಇಟ್ಟಿಗೆ ಎಣಿಸುವ ಫರೋಹ. ಅವನಿಗೆ ಆಫೀಸಿನಲ್ಲಿ ಸಿಕ್ಕ 'ನಿರೀಕ್ಷೆಗೆ ತಕ್ಕಂತಿದೆ' ಎಂಬ ಷರಾ ಅವಮಾನ. ಮಗಳಿಗೆ ಗಣಿತದಲ್ಲಿ ಬಿ ಬಂದರೆ ಅದು ತಾಯಿಯ ಸೋಲು. ಊರಲ್ಲಿ ಅಪ್ಪನಿಗೆ ಜ್ವರ ಬಂದರೆ ಇಲ್ಲಿ ಕೂತ ಮಗ ಪಾಪಿ. ಭಾನುವಾರವೂ ಅವನು ಸುಮ್ಮನಿರುವುದಿಲ್ಲ: ಕ್ವಾಯರಿಗೆ ಬಂದೆಯಾ, ಸಂಡೇ ಸ್ಕೂಲಿಗೆ ಪಾಠ ತಯಾರು ಮಾಡಿದೆಯಾ, ಪಾಟ್‌ಲಕ್ಕಿಗೆ ಏನು ತಂದೆ? ಇದೆಲ್ಲಕ್ಕೂ ಇರುವುದು ಒಂದೇ ಮೈ. ಕ್ರೈಸ್ತ ನಂಬಿಕೆ ಈ ಒಳಗಿನ ಲೆಕ್ಕಿಗನ ಬಗ್ಗೆ ಏನು ಹೇಳುತ್ತದೆ, ಅದಕ್ಕಿಂತ ಹೆಚ್ಚಾಗಿ ಏನು ಮಾಡಲು ಹೇಳುತ್ತದೆ ಎಂಬುದನ್ನು ನೋಡೋಣ. ಕ್ರೈಸ್ತರಲ್ಲದವರೂ ಓದಬಹುದು, ದಕ್ಕಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಬಹುದು.

ಈ ಲೆಕ್ಕ ಬರೆದವರು ಯಾರು?

ಮೊದಲ ಕೆಲಸಕ್ಕೆ ಒಂದು ಕಾಗದ, ಒಂದು ಪೆನ್ನು ಸಾಕು. ಫೋನಿನಲ್ಲಿ ಬರೆಯಬೇಡಿ, ಬರೆಯುತ್ತಿರುವಾಗಲೇ ಆಫೀಸಿನ ಸಂದೇಶ ಬರುತ್ತದೆ. 'ನಾನು ಹೀಗಿರಬೇಕು' ಎಂದು ನಿಮಗೆ ನೀವೇ ಹೇಳಿಕೊಳ್ಳುವುದನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆಯಿರಿ. ಪಕ್ಕದಲ್ಲಿ ಒಂದೇ ಪ್ರಶ್ನೆಗೆ ಉತ್ತರ: ಇದನ್ನು ನನಗೆ ಹೇಳಿದವರು ಯಾರು?

ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಪರಿಪೂರ್ಣತೆಯ ಹುಚ್ಚನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಾವೇ ನಮ್ಮ ಮೇಲೆ ಹೇರಿಕೊಳ್ಳುವುದು ಒಂದು, ಬೇರೆಯವರ ಮೇಲೆ ಹೇರುವುದು ಇನ್ನೊಂದು. ಲೋಕ ನನ್ನಿಂದ ಇಷ್ಟು ಬಯಸುತ್ತಿದೆ ಎಂದು ನಾವು ಊಹಿಸಿಕೊಳ್ಳುವುದು ಮೂರನೆಯದು. ತಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬ ಇನ್ನಿಬ್ಬರು 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್ನಿನ ಕಾಲೇಜು ವಿದ್ಯಾರ್ಥಿಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಮೂರೂ ಏರಿದ್ದವು. ಎಲ್ಲಕ್ಕಿಂತ ಹೆಚ್ಚು ಏರಿದ್ದು ಆ ಮೂರನೆಯದು. ಕಾಗದ ಬರೆದು ಮುಗಿಸಿದ ಮೇಲೆ ನಿಮ್ಮದನ್ನೂ ನೋಡಿ. 'ಯಾರು ಹೇಳಿದರು' ಎಂಬ ಕಡೆ ಎಷ್ಟೋ ಸಾಲುಗಳು ಖಾಲಿ ಉಳಿದಿರುತ್ತವೆ. ಯಾರೂ ಹೇಳಿಲ್ಲ. ನಾವೇ ಕೇಳಿಸಿಕೊಂಡಿದ್ದೇವೆ.

ಕೆಲವು ಸಾಲುಗಳು ಯೋಗ್ಯತೆಗೆ ಸಂಬಂಧಿಸಿದವೇ ಅಲ್ಲ, ಕಾನೂನಿಗೆ ಸಂಬಂಧಿಸಿದವು. ಅವನ್ನು ಬೇರೆ ಮಾಡಿ. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಇನ್ನೊಂದು ದಾರಿ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡಿನಲ್ಲಿ ಯಾವ ಒಂದು ದೇಶದವರಿಗೂ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ಪಾಲು ಸಲ್ಲದು ಎಂಬ ಮಿತಿ 1990ರ ಕಾಯ್ದೆಯದು. ಭಾರತದಲ್ಲಿ ಹುಟ್ಟಿದವರ ಸರದಿ ಹನುಮಂತನ ಬಾಲದಂತೆ ಬೆಳೆದಿರುವುದು ಅದರಿಂದ. ಹತ್ತು ವರ್ಷ ಕಾದರೂ ಬರಲಿಲ್ಲ ಎಂದರೆ ನೀವು ಸೋತಿರಿ ಎಂದಲ್ಲ. ಹಾಗೆಯೇ ಕ್ಯಾಲಿಫೋರ್ನಿಯಕ್ಕೂ ಕರ್ನಾಟಕಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರವಿದೆ. ಅಮ್ಮ ಆಸ್ಪತ್ರೆಯ ಸಾಲಿನಲ್ಲಿ ಕೂತಿರುವಾಗ ನೀವು ನಿದ್ದೆಯಲ್ಲಿರುವುದು ನಿಮ್ಮ ಪ್ರೀತಿಯ ಕೊರತೆಯಿಂದಲ್ಲ, ಭೂಮಿ ಗುಂಡಗಿರುವುದರಿಂದ.

ಮೊದಲು ಮಗ, ಆಮೇಲೆ ಕೆಲಸ

ಕ್ರೈಸ್ತ ನಂಬಿಕೆಯಲ್ಲಿ ಒಂದು ಅನುಕ್ರಮವಿದೆ. ಅದು ತಿರುಗುಮುರುಗಾದರೆ ಉಳಿದದ್ದೆಲ್ಲ ಕೆಡುತ್ತದೆ. ಯೇಸು ಯೊರ್ದಾನ್ ಹೊಳೆಯಲ್ಲಿ ಸ್ನಾನದೀಕ್ಷೆ ಪಡೆದು ಮೇಲೆ ಬಂದಾಗ, ಇವನು ನನ್ನ ಪ್ರೀತಿಯ ಮಗ, ನನಗೆ ಮೆಚ್ಚಿಕೆಯಾದವನು ಎಂಬ ಅರ್ಥದ ಧ್ವನಿ ಆಕಾಶದಿಂದ ಕೇಳಿಸಿತೆಂದು ಸುವಾರ್ತೆಗಳು ಹೇಳುತ್ತವೆ. ಆ ಹೊತ್ತಿಗೆ ಯೇಸು ಒಬ್ಬ ಕುಷ್ಠರೋಗಿಯನ್ನೂ ಗುಣಪಡಿಸಿರಲಿಲ್ಲ, ಒಂದು ಉಪದೇಶವನ್ನೂ ಮಾಡಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ಕೃಪೆ ಎಂದು ಚರ್ಚಿನಲ್ಲಿ ಹೇಳುವುದು ಇದನ್ನೇ. ಬೇ ಏರಿಯಾದ ಬದುಕು ನಮಗೆ ದಿನವೂ ಕಲಿಸುವುದು ಇದರ ತದ್ವಿರುದ್ಧ: ಮೊದಲು ಮಾಡಿ ತೋರಿಸು, ಮೆಚ್ಚುಗೆಯ ವಿಷಯ ಆಮೇಲೆ ನೋಡೋಣ.

ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಕಥೆ ಇದೆ. ಬೆಳಗ್ಗೆ ಬಂದವರಿಗೂ, ಇನ್ನೇನು ಒಂದು ತಾಸು ಹೊತ್ತಿದೆ ಎನ್ನುವಾಗ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಈ ಕಥೆಯನ್ನು ಕೇಳಿದ ನಮ್ಮ ಇಂಜಿನಿಯರುಗಳ ಮುಖ ಸಪ್ಪಗಾಗುವುದನ್ನು ನೋಡಬೇಕು. ಅನ್ಯಾಯ ಎನ್ನುತ್ತಾರೆ. ಬೆಳಗಿನಿಂದ ಬೆವರು ಹರಿಸಿದವರ ಜಾಗದಲ್ಲೇ ಎಲ್ಲರೂ ತಮ್ಮನ್ನು ಇಟ್ಟುಕೊಂಡು ಓದುತ್ತಾರೆ. ಸಂಜೆಯವರೆಗೂ ಯಾರೂ ಕರೆಯದೆ ಸಂತೆಯಲ್ಲೇ ನಿಂತಿದ್ದವನ ಜಾಗದಲ್ಲಿ ನಿಂತು ಒಮ್ಮೆ ಓದಿ. ಹೋಮ್ ಡಿಪೋ ಅಂಗಡಿಯ ಮುಂದೆ ದಿನಗೂಲಿಗಾಗಿ ಕಾಯುವವರನ್ನು, ಬೆಂಗಳೂರಿನ ಸರ್ಕಲ್ಲುಗಳಲ್ಲಿ ಸನಿಕೆ ಹಿಡಿದು ನಿಲ್ಲುವವರನ್ನು ಕಂಡವರಿಗೆ ಅದು ಕಷ್ಟವಲ್ಲ. ಅವನ ಮಕ್ಕಳಿಗೂ ಅಂದು ಹಸಿವಿತ್ತು.

ಇದು ಅಷ್ಟು ಸುಲಭವಾಗಿ ತಲೆಗೆ ಇಳಿಯದಿರುವುದಕ್ಕೆ ಇಲ್ಲಿ ಒಂದು ವಿಶೇಷ ಕಾರಣವೂ ಇದೆ. ಬರ್ಕ್ಲಿಯ ಸಮಾಜಶಾಸ್ತ್ರಜ್ಞೆ ಕ್ಯಾರೊಲಿನ್ ಚೆನ್ ಸಿಲಿಕಾನ್ ವ್ಯಾಲಿಯ ನೂರಕ್ಕೂ ಹೆಚ್ಚು ಮಂದಿಯೊಡನೆ ಮಾತಾಡಿ 'ವರ್ಕ್ ಪ್ರೇ ಕೋಡ್' ಎಂಬ ಪುಸ್ತಕವನ್ನು 2022ರಲ್ಲಿ ಪ್ರಕಟಿಸಿದರು. ಹಿಂದೆ ದೇವಾಲಯವೋ ಚರ್ಚೋ ಕೊಡುತ್ತಿದ್ದ ಗುರುತು, ಅರ್ಥ, ಬಳಗ ಎಲ್ಲವನ್ನೂ ಇಲ್ಲಿ ಈಗ ಕಂಪನಿಯೇ ಕೊಡುತ್ತಿದೆ ಎಂಬುದು ಅವರ ವಾದ. ಊಟ, ಜಿಮ್, ಧ್ಯಾನದ ಕೋಣೆ, ಗೆಳೆಯರು ಎಲ್ಲವೂ ಒಂದೇ ಆವರಣದಲ್ಲಿ. ಹಾಗಾಗಿ ಕೆಲಸ ಹೋದಾಗ ಸಂಬಳದ ಜೊತೆಗೆ ತಾನು ಯಾರು ಎಂಬುದೂ ಹೋಗುತ್ತದೆ.

ಈ ಊರುಗಳ ಹೆಸರೇ ಒಂದು ತಮಾಷೆ. ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸ್, ಅಪ್ಪನ ಬಟ್ಟೆ ವ್ಯಾಪಾರದ ಸಿರಿಯನ್ನು ಬಿಟ್ಟು ಹೊರಟವನು. ಸ್ಯಾಂಟ ಕ್ಲಾರ ಅವನ ದಾರಿಯಲ್ಲೇ ನಡೆದ ಸಂತ ಕ್ಲಾರ. ಸ್ಯಾನ್ ಹೊಸೆ ಸಂತ ಜೋಸೆಫ್. ಯೇಸುವನ್ನು ಸಾಕಿದ ಆ ಬಡಗಿ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಬಾಯಿಬಿಟ್ಟು ಒಂದು ಮಾತನ್ನೂ ಆಡುವುದಿಲ್ಲ. ಇಂದು ಅವನ ಹೆಸರಿನ ಊರಿನಲ್ಲಿ ಮೀಟಿಂಗಿನಲ್ಲಿ ಮಾತಾಡದವನಿಗೆ ಬಡ್ತಿ ಕಷ್ಟ.

ದೇವರೇ ಮ್ಯಾನೇಜರ್ ಆದಾಗ

ಒಂದು ಕಹಿ ಮಾತನ್ನು ಇಲ್ಲೇ ಹೇಳಿಬಿಡಬೇಕು. ನಂಬಿಕೆ ತಾನಾಗಿ ಈ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಎಷ್ಟೋ ಸಲ ಹೆಚ್ಚು ಮಾಡುತ್ತದೆ. ವಾರವಿಡೀ ಆಫೀಸಿನ ಮ್ಯಾನೇಜರನಿಗೆ ಲೆಕ್ಕ ಒಪ್ಪಿಸಿದವನು ಭಾನುವಾರ ದೇವರನ್ನೂ ಅದೇ ಕುರ್ಚಿಯಲ್ಲಿ ಕೂರಿಸುತ್ತಾನೆ. ಪ್ರಾರ್ಥನೆಯಲ್ಲಿ ಮನಸ್ಸು ಅಲೆದಾಡಿದರೆ ತಪ್ಪು, ಬೈಬಲ್ ಓದು ಒಂದು ದಿನ ತಪ್ಪಿದರೆ ತಪ್ಪು, ಕಷ್ಟ ಬಂದಾಗ ಅಳು ಬಂದರೆ ನಂಬಿಕೆ ಸಾಲದು. ಇದಕ್ಕೆ ಕೆಲವು ಬೋಧಕರೂ ಗಾಳಿ ಹಾಕುತ್ತಾರೆ. ದೃಢವಾಗಿ ನಂಬಿದರೆ ಪ್ರಮೋಷನ್ ಖಾತರಿ ಎನ್ನುವವರನ್ನು ನಾನು ನೆಚ್ಚುವುದಿಲ್ಲ.

ಈ ಬಲೆಯಲ್ಲಿ ಸಿಕ್ಕವರಲ್ಲಿ ದೊಡ್ಡವರೂ ಇದ್ದಾರೆ. 1505ರಲ್ಲಿ ಜರ್ಮನಿಯ ಎರ್ಫರ್ಟಿನ ಮಠ ಸೇರಿದ ಮಾರ್ಟಿನ್ ಲೂಥರ್ ತನ್ನ ಪಾಪಗಳನ್ನು ಒಂದನ್ನೂ ಬಿಡದೆ ಹೇಳಬೇಕೆಂಬ ತವಕದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಹೊರಗೆ ಬಂದ ಮೇಲೆ ಇನ್ನೊಂದು ನೆನಪಾಗಿ ಮತ್ತೆ ಒಳಗೆ ಓಡುತ್ತಿದ್ದರು. ಅವರ ಹಿರಿಯ ಯೋಹಾನ್ ಫಾನ್ ಸ್ಟೌಪಿಟ್ಸ್ ಬೇಸತ್ತರೂ ಕೈಬಿಡಲಿಲ್ಲ. ನಿನ್ನನ್ನು ನೀನು ಅಗೆಯುವುದನ್ನು ಬಿಟ್ಟು ಕ್ರಿಸ್ತನ ಕಡೆ ನೋಡು ಎಂಬ ಧಾಟಿಯಲ್ಲಿ ಬುದ್ಧಿ ಹೇಳುತ್ತಿದ್ದರು. ಕೃಪೆಯ ಬಗ್ಗೆ ಲೂಥರ್ ಮುಂದೆ ಆಡಿದ ಮಾತುಗಳು ಪುಸ್ತಕದಿಂದಷ್ಟೇ ಬಂದವಲ್ಲ, ಆ ಮಠದ ಕೋಣೆಯ ಸಂಕಟದಿಂದಲೂ ಬಂದವು.

ಅತ್ತ ಕ್ಯಾಥೋಲಿಕರ ಕಡೆ, ಯೇಸು ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸ ಎಂಬ ಊರಿನಲ್ಲಿ ಅದೇ ಕಾಟಕ್ಕೆ ಸಿಕ್ಕಿದ್ದರು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳುವುದು, ಸಮಾಧಾನವಿಲ್ಲದೆ ಒಂದು ವಾರ ಪೂರ್ತಿ ಉಪವಾಸ ಕೂರುವುದು, ಕೊನೆಗೆ ಪ್ರಾಣ ಕಳೆದುಕೊಳ್ಳುವ ಯೋಚನೆ. ಉಪವಾಸ ಮುರಿ ಎಂದು ಗುರು ಆಜ್ಞೆ ಮಾಡಿದಾಗ ಮುರಿದರು. ಹಳೆಯ ಪಾಪಗಳನ್ನು ಇನ್ನು ಎತ್ತುವುದಿಲ್ಲ ಎಂದು ಒಂದು ದಿನ ನಿರ್ಧರಿಸಿದರು. ಹದಿನಾರನೆಯ ಶತಮಾನದ ಎರಡು ಎದುರಾಳಿ ಪಾಳೆಯಗಳ ನಾಯಕರಿಬ್ಬರೂ ಒಂದೇ ಕಾಯಿಲೆಯಿಂದ ಎದ್ದು ಬಂದವರು ಎಂಬುದು ನನಗೆ ಚರ್ಚಿನ ಇತಿಹಾಸದಲ್ಲೇ ಅತಿ ಸ್ವಾರಸ್ಯದ ಸಂಗತಿ.

ಇದರಿಂದ ನಮಗೆ ಸಿಗುವ ಪಾಠ ಪ್ರಾಯೋಗಿಕವಾದದ್ದು. ಕ್ಷಮೆ ಕೇಳಿದ ತಪ್ಪನ್ನೇ ಮತ್ತೆ ಮತ್ತೆ ಹೇಳುವ ಚಟವಿರುವವರು ಒಬ್ಬರೇ ಗುರುವಿನ ಬಳಿ ಹೋಗಬೇಕು. ಇಂದು ಈ ಇಗರ್ಜಿ, ನಾಳೆ ಆ ಇಗರ್ಜಿ ಎಂದು ಸುತ್ತಬಾರದು. ಆ ಗುರು ಸಾಕು ಎಂದರೆ ಸಾಕು. ಪ್ರಾಟೆಸ್ಟೆಂಟರಾದರೆ ಒಬ್ಬ ಪಾಸ್ಟರ್ ಅಥವಾ ವಿಶ್ವಾಸದ ಹಿರಿಯರು, ನಿಯಮ ಅದೇ. ನಮ್ಮ ಅಂತರಾಳದ ನ್ಯಾಯಾಧೀಶ ಕೆಟ್ಟು ಕೂತಿರುವಾಗ ತೀರ್ಪನ್ನು ಸ್ವಲ್ಪ ಕಾಲ ಇನ್ನೊಬ್ಬರ ಕೈಗೆ ಕೊಡುವುದು ಸೋಲಲ್ಲ.

ರಾತ್ರಿಯ ಕಾಲು ಗಂಟೆ

ಮನ್ರೇಸದಿಂದ ಎದ್ದು ಬಂದ ಇಗ್ನೇಷಿಯಸ್ ತಮ್ಮ ಅನುಭವವನ್ನು ಒಂದು ಅಭ್ಯಾಸದ ಪುಸ್ತಕವಾಗಿ ಬರೆದರು. ಅದು 1548ರಲ್ಲಿ ಅಚ್ಚಾಯಿತು. ಅದರಲ್ಲಿ ದಿನದ ಆತ್ಮಾವಲೋಕನದ ಒಂದು ಕ್ರಮವಿದೆ. ಮಂಗಳೂರಿನ ಕಡೆಯವರಿಗೆ ಈ ಪರಂಪರೆ ಹೊಸದಲ್ಲ: ಯೇಸು ಸಭೆಯವರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಶುರು ಮಾಡಿದವರು. ಇಲ್ಲಿ 1851ರಲ್ಲಿ ಸ್ಯಾಂಟ ಕ್ಲಾರ ವಿಶ್ವವಿದ್ಯಾಲಯವನ್ನು ಕಟ್ಟಿದವರೂ ಅವರೇ. ಅಲೋಶಿಯಸ್ಸಿನಲ್ಲಿ ಓದಿ ಸ್ಯಾಂಟ ಕ್ಲಾರದಲ್ಲಿ ಸಂಜೆಯ ಎಂ.ಎಸ್. ಮಾಡಿದವರು ಒಂದೇ ಮನೆಯ ಎರಡು ಕೋಣೆಗಳಲ್ಲಿ ಓದಿದಂತೆ.

ಆ ಕ್ರಮದಲ್ಲಿ ಐದು ಹಂತಗಳಿವೆ. ಅವುಗಳ ಸರದಿಯೇ ಮುಖ್ಯ. ಮೊದಲು ಬರುವುದು ತಪ್ಪಿನ ಪಟ್ಟಿಯಲ್ಲ, ಕೃತಜ್ಞತೆ. ಇವತ್ತು ಸಿಕ್ಕ ಒಂದೆರಡನ್ನು ಹೆಸರಿಟ್ಟು ಹೇಳಬೇಕು. ದೊಡ್ಡದೇನೂ ಬೇಡ, ಬಿಸಿ ಸಾರು, 101ರಲ್ಲಿ ಟ್ರಾಫಿಕ್ ಕಡಿಮೆ ಇದ್ದದ್ದು, ಮಗ ತಾನಾಗಿ ಬಂದು ಮಡಿಲಲ್ಲಿ ಕೂತದ್ದು. ಎರಡನೆಯದು ಬೆಳಕಿಗಾಗಿ ಬೇಡಿಕೆ: ನನ್ನ ದಿನವನ್ನು ನನ್ನ ಕಣ್ಣಿಂದಲ್ಲ, ನಿನ್ನ ಕಣ್ಣಿಂದ ತೋರಿಸು ಎಂದು ದೇವರನ್ನು ಕೇಳುವುದು. ಪರಿಪೂರ್ಣತೆಯ ಹುಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ, ತಮ್ಮ ಕಣ್ಣೇ ಸಾಕೆಂದು. ಹಾರಿಸಬೇಡಿ. ಮೂರನೆಯದು ಬೆಳಗಿನಿಂದ ರಾತ್ರಿಯವರೆಗೆ ಗಂಟೆ ಗಂಟೆಯಾಗಿ ನಡೆದು ಬರುವುದು. ಮೈ ಎಲ್ಲಿ ಬಿಗಿಯಾಯಿತು, ಎಲ್ಲಿ ಉಸಿರು ಸಲೀಸಾಯಿತು ಎಂದು ಗಮನಿಸಿದರೆ ಸಾಕು. ಬಿಗಿಯಾದ ಕಡೆ ಸಾಮಾನ್ಯವಾಗಿ ಒಂದು ಇಟ್ಟಿಗೆಯ ಲೆಕ್ಕ ಸಿಗುತ್ತದೆ. ನಾಲ್ಕನೆಯದು ಕ್ಷಮೆ. ಇಲ್ಲಿ ನಿಜವಾದ ತಪ್ಪನ್ನೂ ಸುಳ್ಳು ಲೆಕ್ಕವನ್ನೂ ಬೇರೆ ಮಾಡಿ. ಹೆಂಡತಿಯ ಮೇಲೆ ರೇಗಿದ್ದು ತಪ್ಪು. ಕ್ಷಮೆ ಕೇಳಿ, ಅವರನ್ನೂ ಕೇಳಿ. ಒಂದು ಬಗ್ ಎರಡು ದಿನ ತಿಂದದ್ದು ತಪ್ಪಲ್ಲ. ಅದಕ್ಕೆ ದೇವರ ಬಳಿ ಕ್ಷಮೆ ಕೇಳಲು ಹೋಗಬೇಡಿ. ಐದನೆಯದು ನಾಳೆ: ಒಂದೇ ಒಂದು ಸಣ್ಣ ವಿಷಯಕ್ಕೆ ಸಹಾಯ ಬೇಡಿ ಮಲಗುವುದು.

ಇಗ್ನೇಷಿಯಸ್ ಇದನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಮಾಡಿ ಎಂದರು. ನಮಗೆ ರಾತ್ರಿ ಒಂದು ಸಾಕು. ಕ್ಯಾಲ್‌ಟ್ರೇನಿನಲ್ಲಿ ಓಡಾಡುವವರು ಸಂಜೆಯ ಗಾಡಿಯಲ್ಲೂ ಮಾಡಬಹುದು. ಇದಕ್ಕೂ ಆ್ಯಪ್‌ಗಳಿವೆ, ದಿನಗಳ ಸರಪಳಿ ಎಣಿಸುವವೂ ಇವೆ, ಅಂಥವನ್ನು ಹಾಕಿಕೊಳ್ಳಬೇಡಿ. ಅಲ್ಲಿಗೆ ಅದೂ ಇಟ್ಟಿಗೆಯ ಲೆಕ್ಕವಾಯಿತು. ನಡುವೆ ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಮೊದಲ ಹಂತದಿಂದ ಶುರು ಮಾಡಿ, ತಪ್ಪಿದ ದಿನಗಳ ಬಗ್ಗೆ ಒಂದು ಮಾತೂ ಬೇಡ.

ವಾರಕ್ಕೊಂದು ದಿನ ಫೋನು ಮಲಗಲಿ

ಫರೋಹನ ಕೈಯಿಂದ ಪಾರಾಗಿ ಬಂದ ಜನರಿಗೆ ದೇವರು ಸಿನಾಯಿ ಬೆಟ್ಟದಲ್ಲಿ ಕೊಟ್ಟ ಹತ್ತು ಆಜ್ಞೆಗಳಲ್ಲಿ ಸಬ್ಬತ್ ದಿನದ ವಿಶ್ರಾಂತಿ ಒಂದು. ಧರ್ಮೋಪದೇಶಕಾಂಡ ಅದಕ್ಕೆ ಕಾರಣವನ್ನೂ ಕೊಡುತ್ತದೆ: ನೀವು ಐಗುಪ್ತದಲ್ಲಿ ಜೀತಕ್ಕಿದ್ದುದನ್ನು ನೆನೆಯಬೇಕು ಎಂದು. ಆಳುಗಳಿಗೂ, ಪರದೇಶದಿಂದ ಬಂದು ನೆಲೆಸಿದವರಿಗೂ, ಎತ್ತು ಕತ್ತೆಗಳಿಗೂ ರಜೆ. ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂದು ಎಲ್ಲೂ ಇಲ್ಲ. ಏಳನೆಯ ದಿನ ಬಂದಾಗ ಕೆಲಸ ಮುಗಿದಿರಲಿ, ಬಿಡಲಿ, ನಿಲ್ಲಿಸಬೇಕು. ಮುಗಿಯದ ಕೆಲಸವನ್ನು ಮುಗಿಯದಂತೆಯೇ ಬಿಟ್ಟು ಏಳುವುದೇ ಈ ಅಭ್ಯಾಸದ ಜೀವ.

ಅದಕ್ಕೂ ಮುಂಚೆ ಅರಣ್ಯದಲ್ಲಿ ಮನ್ನ ಬೀಳುವ ಪ್ರಸಂಗ ಬರುತ್ತದೆ. ದಿನಕ್ಕೆ ಬೇಕಾದಷ್ಟೇ ಆಯ್ದುಕೊಳ್ಳಬೇಕು. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರುತ್ತದೆ. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ ಪಾಲು. ಇದನ್ನು ಓದುವಾಗಲೆಲ್ಲ ನನಗೆ ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮಗೆ ಸಲ್ಲದು, ಅಲ್ಲೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದವಳು. ಕಾಯಕದ ಹೆಸರು ಹೇಳಿ ಹಗಲು ರಾತ್ರಿ ದುಡಿಯುವುದನ್ನು ಮೆರೆಸುವ ನಮ್ಮವರು ಈ ಹೆಣ್ಣುಮಗಳನ್ನು ಮರೆತಿದ್ದಾರೆ. ದುಡಿಮೆಗೆ ಒಂದು ಸಾಕು ಇದೆ ಎಂಬುದನ್ನು ತಿಳಿಯಲು ನಾವು ಸಿನಾಯಿವರೆಗೆ ಹೋಗಬೇಕಾಗಿರಲಿಲ್ಲ.

ಮಾಡುವುದು ಹೇಗೆ? ಶನಿವಾರ ಸಂಜೆ ಊಟಕ್ಕೆ ಮೊದಲು ಶುರು ಮಾಡಿ ಭಾನುವಾರ ಸಂಜೆಗೆ ಮುಗಿಸುವುದು ಇಲ್ಲಿಯ ಸಂಸಾರಗಳಿಗೆ ಅನುಕೂಲ. ಆಫೀಸಿನ ಮೇಲ್ ಮತ್ತು ಸ್ಲ್ಯಾಕ್ ಇರುವ ಫೋನನ್ನು ಡ್ರಾಯರಿನಲ್ಲಿಡಿ. ಊರಿಗೆ ಮಾತಾಡಲು ಬೇರೆ ಫೋನೋ ಟ್ಯಾಬ್ಲೆಟ್ಟೋ ಇರಲಿ. ಅಮ್ಮನ ವಾಟ್ಸ್ಯಾಪ್ ಕರೆ ಕೆಲಸವಲ್ಲ. ಆ ವಾರ ಆನ್-ಕಾಲ್ ಸರದಿ ಇದ್ದರೆ ಸಂಕೋಚ ಬೇಡ, ಇನ್ನೊಂದು ದಿನ ತೆಗೆದುಕೊಳ್ಳಿ. ನರ್ಸುಗಳು ಯಾವಾಗಲೂ ಹಾಗೆಯೇ ಮಾಡುವುದು. ಅಡಿಗೆ ಹಿಂದಿನ ದಿನದ್ದಿರಲಿ, ಇಲ್ಲವಾದರೆ ಸಬ್ಬತ್ತು ಗಂಡಸರಿಗೆ ಮಾತ್ರ ಆಗುತ್ತದೆ. ಚರ್ಚಿನ ಜವಾಬ್ದಾರಿಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಡಿ. ಮೊದಲ ಕೆಲವು ವಾರ ಕೈ ಡ್ರಾಯರಿನ ಕಡೆಗೇ ಹೋಗುತ್ತದೆ, ಮನಸ್ಸು ಚಡಪಡಿಸುತ್ತದೆ, ಮನೆಮಂದಿಯ ಮೇಲೆ ಸಿಡಿಮಿಡಿ ಬರುತ್ತದೆ. ಅದು ಸಬ್ಬತ್ತು ಕೆಟ್ಟದ್ದಕ್ಕೆ ಗುರುತಲ್ಲ, ಆರು ದಿನ ಎಷ್ಟು ಬಿಗಿಯಾಗಿದ್ದಿರಿ ಎಂಬುದಕ್ಕೆ ಗುರುತು.

ನಿದ್ದೆ, ರೊಟ್ಟಿ, ನೀರು

ಪ್ರವಾದಿ ಎಲೀಯನ ಕಥೆ ಅರಸುಗಳ ಮೊದಲನೆಯ ಪುಸ್ತಕದಲ್ಲಿದೆ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡ ಬೆನ್ನಿಗೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ನಾನು ನನ್ನ ಹಿರಿಯರಿಗಿಂತ ಉತ್ತಮನೇನಲ್ಲ ಎನ್ನುತ್ತಾನೆ. ಉತ್ತಮನಾಗಿರಬೇಕೆಂದು ಅವನಿಗೆ ಹೇಳಿದವರು ಯಾರು? ದೇವದೂತ ಬಂದು ಉಪದೇಶ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರ ಮಾತು ಕೇಳುವುದು ಆಮೇಲೆ. ಅಲ್ಲಿ ಕೂಡ ಅವನಿಗೆ ಸಿಗುವುದು ಎರಡು ಸುದ್ದಿ: ನಿನ್ನ ಕೆಲಸ ಮುಂದುವರಿಸಲು ಎಲೀಷ ಇದ್ದಾನೆ, ನಿಷ್ಠೆಯಿಂದ ಉಳಿದವನು ನೀನೊಬ್ಬನೇ ಅಲ್ಲ, ಇನ್ನೂ ಏಳು ಸಾವಿರ ಮಂದಿ ಇದ್ದಾರೆ.

ಹಾಗಾಗಿ ದೊಡ್ಡ ತೀರ್ಮಾನಗಳಿಗೆ ಮೊದಲು ನಿದ್ದೆ ಮಾಡಿ. ಕೆಲಸ ಬಿಡಬೇಕೆ, ಊರಿಗೆ ಮರಳಬೇಕೆ, ನನ್ನ ನಂಬಿಕೆ ಸತ್ತಿತೆ ಎಂಬ ಪ್ರಶ್ನೆಗಳನ್ನು ರಾತ್ರಿ ಹನ್ನೊಂದರ ಮೇಲೆ ಎತ್ತಬಾರದು ಎಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಳ್ಳಿ.

ಜಾಗ ಬದಲಾದರೆ ಮನಸ್ಸಿಗೂ ಸಹಾಯ. ಸ್ಯಾನ್ ಫ್ರಾನ್ಸಿಸ್ಕೊದ ನಾಬ್ ಹಿಲ್ ಮೇಲಿನ ಗ್ರೇಸ್ ಕೆಥೀಡ್ರಲ್ಲಿನಲ್ಲಿ ನೆಲದ ಮೇಲೆ ಸುತ್ತುಸುತ್ತಾದ ದಾರಿ ಇದೆ, ಅಂಗಳದಲ್ಲಿ ಒಂದು, ಒಳಗೆ ಒಂದು. ಫ್ರಾನ್ಸಿನ ಶಾರ್ತ್ರ್ ಕೆಥೀಡ್ರಲ್ಲಿನ ಮಧ್ಯಯುಗದ ಮಾದರಿ. ನೋಡಲು ಚಕ್ರವ್ಯೂಹದಂತಿದ್ದರೂ ಇದರಲ್ಲಿ ಕವಲುಗಳಿಲ್ಲ, ತಪ್ಪು ತಿರುವಿಲ್ಲ. ನಡೆಯುತ್ತಿದ್ದರೆ ನಡುವಿಗೆ ತಲುಪುತ್ತೀರಿ, ಬಂದ ದಾರಿಯಲ್ಲೇ ಹೊರಗೆ ಬರುತ್ತೀರಿ. ಬದುಕಿನ ಪ್ರತಿ ಕವಲಿನಲ್ಲೂ ಆಯ್ಕೆ ಮಾಡಿ ಸುಸ್ತಾದವರಿಗೆ ಅದೇ ದೊಡ್ಡ ವಿಶ್ರಾಂತಿ. ಲಾಸ್ ಆಲ್ಟೋಸ್ ಗುಡ್ಡದಲ್ಲಿ ಯೇಸು ಸಭೆಯವರ ಧ್ಯಾನಕೇಂದ್ರ 1925ರಿಂದ ಇದೆ. ವಾರಾಂತ್ಯದ ಮೌನ ಧ್ಯಾನಕೂಟಗಳು ನಡೆಯುತ್ತವೆ, ಮುಂಚೆಯೇ ಹೆಸರು ಕೊಡಬೇಕು. ಸ್ಯಾಂಟ ಕ್ರೂಸ್ ಕಡೆಯ ರೆಡ್‌ವುಡ್ ಮರಗಳ ನಡುವೆ 1906ರಲ್ಲಿ ಶುರುವಾದ ಮೌಂಟ್ ಹರ್ಮನ್ ಶಿಬಿರ ಪ್ರಾಟೆಸ್ಟೆಂಟ್ ಕುಟುಂಬಗಳಿಗೆ ಹಿಡಿಸುತ್ತದೆ. ಮೂರು ದಿನ ಮಾತಾಡದೆ ಇರುವುದು ನನ್ನಿಂದಾಗದು ಎನ್ನುವವರು ಯಾವುದಾದರೂ ವಾರದ ದಿನ ಮಧ್ಯಾಹ್ನ ಖಾಲಿ ಇಗರ್ಜಿಯ ಬೆಂಚಿನಲ್ಲಿ ಅರ್ಧ ಗಂಟೆ ಕೂತರೂ ಆಯಿತು.

ಇನ್ನೊಂದು ಜಾಗವನ್ನು ನಮ್ಮವರು ಗಮನಿಸುವುದಿಲ್ಲ. ಎಷ್ಟೋ ಚರ್ಚುಗಳ ಪಕ್ಕದ ಹಾಲಿನಲ್ಲಿ ವಾರದ ಸಂಜೆ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪು ಸೇರುತ್ತದೆ. 1935ರಲ್ಲಿ ಶುರುವಾದ ಆ ಕೂಟದ ಮೊದಲ ಮೆಟ್ಟಿಲೇ, ಇದು ನನ್ನ ಕೈಮೀರಿದೆ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳುವುದು. ಭಾನುವಾರ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೇಲೆ ಕೂರುವ ನಮಗಿಂತ ಅವರು ಹೆಚ್ಚು ಪ್ರಾಮಾಣಿಕರು ಎಂದು ನನಗೆ ಅನ್ನಿಸಿದೆ. ಕುಡಿತದ ತೊಂದರೆ ಇಲ್ಲದವರು ಅಲ್ಲಿಗೆ ಹೋಗಬೇಕಾಗಿಲ್ಲ. ಅದೇ ಮಾದರಿಯಲ್ಲಿ ಮೂರು ನಾಲ್ಕು ಮಂದಿ ನಂಬಿಗಸ್ತರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ 'ನನ್ನಿಂದ ಆಗಲಿಲ್ಲ' ಎಂಬ ಮಾತಿನಿಂದ ಶುರುವಾಗುವ ಪ್ರಾರ್ಥನೆಗೆ ಕೂರಬಹುದು. ಕನ್ನಡದಲ್ಲೋ ಕೊಂಕಣಿಯಲ್ಲೋ ತುಳುವಿನಲ್ಲೋ ಕೂತರೆ ಇನ್ನೂ ಒಳ್ಳೆಯದು. ಇಂಗ್ಲಿಷಿನಲ್ಲಿ ನಾವು ಬೇಗ ಸಂದರ್ಶನದ ಧಾಟಿಗೆ ಜಾರುತ್ತೇವೆ.

ಮಕ್ಕಳ ತಲೆಯ ಮೇಲಿನ ಇಟ್ಟಿಗೆ

ಫ್ರೀಮಾಂಟಿನಲ್ಲಿ 1797ರಲ್ಲಿ ಸ್ಥಾಪನೆಯಾದ ಮಿಷನ್ ಸ್ಯಾನ್ ಹೊಸೆ ಇಗರ್ಜಿ ಇದೆ. ಅದರ ಹೆಸರಿನ ಹೈಸ್ಕೂಲಿನ ವ್ಯಾಪ್ತಿಯಲ್ಲಿ ಮನೆ ಕೊಳ್ಳಲು ನಮ್ಮವರು ಪಡುವ ಪಾಡು ಎಲ್ಲರಿಗೂ ಗೊತ್ತು. ಕ್ಯುಪರ್ಟಿನೊ, ಪಾಲೊ ಆಲ್ಟೊಗಳದೂ ಅದೇ ಕಥೆ. ಪಾಲೊ ಆಲ್ಟೊ 2009–10ರಲ್ಲೂ 2014–15ರಲ್ಲೂ ಹದಿಹರೆಯದ ಮಕ್ಕಳ ಸರಣಿ ಆತ್ಮಹತ್ಯೆಗಳನ್ನು ಕಂಡಿತು. 2016ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸಿಡಿಸಿಯ ತಂಡವೇ ಬಂದು ಅಧ್ಯಯನ ಮಾಡಬೇಕಾಯಿತು. ಅಂಥ ಸಾವಿಗೆ ಒಂದೇ ಕಾರಣ ಇರುವುದಿಲ್ಲ, ಓದಿನ ಒತ್ತಡವೊಂದನ್ನೇ ಬೆಟ್ಟು ಮಾಡುವುದು ತಪ್ಪು. ಆದರೆ ಮನೆಯೊಳಗೆ ಪ್ರೀತಿಗೂ ಅಂಕಕ್ಕೂ ಗಂಟು ಬಿದ್ದಿದೆಯೆ ಎಂದು ಕೇಳಿಕೊಳ್ಳುವುದು ತಪ್ಪಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಸಣ್ಣದು. ರಿಪೋರ್ಟ್ ಕಾರ್ಡ್ ಬರುವ ಮುಂಚೆಯೇ ಮಗುವಿಗೆ ಇಷ್ಟದ ಊಟ ಹಾಕಿ, ಬಂದ ಮೇಲೆ ಅಲ್ಲ. ರಾತ್ರಿಯ ಪ್ರಾರ್ಥನೆಯಲ್ಲಿ ಮಗುವಿನ ಪರೀಕ್ಷೆಗಾಗಿ ಬೇಡುವುದಕ್ಕಿಂತ ಮೊದಲು ಮಗುವಿಗಾಗಿ ದೇವರಿಗೆ ವಂದನೆ ಹೇಳಿ, ಅದು ಕೇಳಿಸಿಕೊಳ್ಳುವಂತೆ. ನಿಮ್ಮ ಆಫೀಸಿನಲ್ಲಿ ನೀವು ಎಡವಿದ್ದನ್ನು ಊಟದ ಮೇಜಿನಲ್ಲಿ ನಗುತ್ತ ಹೇಳಿ. ಅಪ್ಪನಿಗೂ ಆಗದ್ದು ಇದೆ ಎಂದು ಮಕ್ಕಳಿಗೆ ತಿಳಿಯಲಿ. ಊರಿನ ತಂದೆತಾಯಿಯರ ವಿಷಯದಲ್ಲಿ, ಅಲ್ಲಿರುವ ಅಕ್ಕನೋ ತಮ್ಮನೋ ಹೊತ್ತ ಭಾರವನ್ನು ಹಣದಿಂದ ಸಮ ಮಾಡಲು ಹೋಗಬೇಡಿ. ವಾರದ ಒಂದು ನಿಗದಿತ ಕರೆ, ಔಷಧಿಯ ಪಟ್ಟಿ, ವರ್ಷದಲ್ಲಿ ಆದರೆ ಒಂದು ಭೇಟಿ. ಅದಕ್ಕಿಂತ ಹೆಚ್ಚಿನದನ್ನು ಮೋಶೆಯ ಮಾವ ಇತ್ರೋ ಹೇಳಿದಂತೆ ಹಂಚಿಕೊಳ್ಳಬೇಕು: ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ ಅಳಿಯನಿಗೆ, ಹೀಗೆ ಮಾಡಿದರೆ ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ ಎಂದು ಎಚ್ಚರಿಸಿದವನು ಅವನು.

ಪ್ರಾರ್ಥನೆ ಸಾಲದಾಗ

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು, ಆಸಕ್ತಿ ಕೆಟ್ಟಿದ್ದರೆ, ಪಾಪದ ಯೋಚನೆ ಒಂದೇ ಸಮನೆ ಸುತ್ತುತ್ತಿದ್ದರೆ, ಬದುಕು ಬೇಡ ಎನ್ನಿಸುತ್ತಿದ್ದರೆ ಅದು ನಂಬಿಕೆಯ ಪ್ರಶ್ನೆಯಲ್ಲ, ಚಿಕಿತ್ಸೆಯ ಪ್ರಶ್ನೆ. ಧಾರ್ಮಿಕ ಭಯದ ರೂಪದಲ್ಲಿ ಬರುವ ಗೀಳು ಕಾಯಿಲೆಗೆ ಬೇರೆಯದೇ ಚಿಕಿತ್ಸೆ ಇದೆ, ಅದು ಫಲ ಕೊಡುತ್ತದೆ. ಮೊದಲು ನಿಮ್ಮ ಕುಟುಂಬ ವೈದ್ಯರಿಗೆ ಹೇಳಿ. ಹಲವು ಕಂಪನಿಗಳು ನೌಕರರಿಗೂ ಮನೆಯವರಿಗೂ ಉಚಿತವಾಗಿ ಕೆಲವು ಆಪ್ತಸಮಾಲೋಚನೆಗಳನ್ನು ಕೊಡುತ್ತವೆ. ಅಲ್ಲಿ ನೀವು ಆಡಿದ್ದನ್ನು ನಿಮ್ಮ ಮ್ಯಾನೇಜರಿಗೆ ತಿಳಿಸುವಂತಿಲ್ಲ. ಕ್ರೈಸ್ತ ಸಮಾಲೋಚಕರು ಎಂದು ಹೇಳಿಕೊಳ್ಳುವವರ ಬಳಿ ಹೋಗುವ ಮುಂಚೆ ಅವರಿಗೆ ಕ್ಯಾಲಿಫೋರ್ನಿಯದ ಪರವಾನಗಿ ಇದೆಯೆ ನೋಡಿ. ಸಂಸಾರ ಸಮಾಲೋಚಕರ, ಸಾಮಾಜಿಕ ಕಾರ್ಯಕರ್ತರ ಪರವಾನಗಿಯನ್ನು ರಾಜ್ಯದ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಔಷಧಿ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎನ್ನುವ ಬೋಧಕರು ಸಿಕ್ಕರೆ ನಮಸ್ಕಾರ ಹೇಳಿ ಹೊರಡಿ. ಸಾವಿನ ಯೋಚನೆ ಬಂದ ಯಾವ ಹೊತ್ತಿನಲ್ಲೂ 988ಕ್ಕೆ ಕರೆ ಮಾಡಬಹುದು, ಇಲ್ಲವೆ ಸಂದೇಶ ಕಳಿಸಬಹುದು. 2022ರ ಜುಲೈಯಿಂದ ಅಮೆರಿಕದಾದ್ಯಂತ ಈ ಮೂರಂಕಿ ಸಂಖ್ಯೆ ನಡೆಯುತ್ತಿದೆ. ವೀಸಾ ಯಾವುದು ಎಂದು ಯಾರೂ ಕೇಳುವುದಿಲ್ಲ.

ಕೊನೆಗೆ ಚರ್ಚಿನ ಹಿರಿಯರಿಗೆ, ಕೂಟಗಳನ್ನು ನಡೆಸುವವರಿಗೆ ಒಂದು ಬಿನ್ನಹ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೋ ಕ್ರಿಸ್‌ಮಸ್ಸಿಗೋ ಎಲ್ಲರೂ ಸೇರಿದಾಗ ವೇದಿಕೆಗೆ ಕರೆಯುವುದು ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕ ಮಕ್ಕಳನ್ನು ಮಾತ್ರವೇ ಆಗದಿರಲಿ. ಆ ವರ್ಷ ಕೆಲಸ ಕಳೆದುಕೊಂಡವರ ಮನೆಗೆ ಇಬ್ಬರು ಹೋಗಿ ಬರುವ ವ್ಯವಸ್ಥೆ ಮಾಡಿ. ಹೋಗುವಾಗ ಸಲಹೆ ಬೇಡ, ರೆಸ್ಯೂಮೆ ತಿದ್ದುವ ಉತ್ಸಾಹವೂ ಮೊದಲ ದಿನ ಬೇಡ. ಒಂದು ಡಬ್ಬಿ ಊಟ ತೆಗೆದುಕೊಂಡು ಹೋಗಿ, ಕೂತು ಮಾತಾಡಿ ಬನ್ನಿ.